ಬಳೆಗೆ ಕಟ್ಟಿದ ಸೈಕಲ್

"ಅಜ್ಜ, ಈ ಟೈಲರ್ ಅಂಗಡಿ ಮುಂದೆ ಬರ್ತಿರೋದು ಇದು ಮೂರನೇ ಸಲ!" ಚೂಟಿ ಕಾಲು ಅಪ್ಪಳಿಸಿದಳು.

"ಮೂರಲ್ಲ, ಎರಡು. ಸುಮ್ನೆ ನಡಿಯೇ. ನಾನು ಹುಟ್ಟಿದ ಊರು ಇದು. ಕಣ್ಣು ಕಟ್ಟಿ ಬಿಟ್ರೂ ಮನೆ ಸೇರ್ತೀನಿ."

ಬೆಳಿಗ್ಗೆ ಲಾಂಚಿನಲ್ಲಿ ಈ ದ್ವೀಪಕ್ಕೆ ಬರುವಾಗಲೂ ಅದೇ ಜಂಬ. ಅಜ್ಜ ಹತ್ತು ವರ್ಷದವನಿದ್ದಾಗ ಬಿಟ್ಟ ಮನೆ. ಕಿಟಕಿಕಟ್ಟೆ ಮೇಲೆ ಕೂತರೆ ಕಾಲು ನೀರಿಗೆ ತಾಗುತ್ತಿತ್ತಂತೆ. ಗೋಡೆಗೆ ಕಬ್ಬಿಣದ ಬಳೆ, ಅದಕ್ಕೆ ದೋಣಿ ಕಟ್ಟುತ್ತಿದ್ದರಂತೆ. ಆ ಬಳೆಯನ್ನು ಒಂದು ಸಲ ಮುಟ್ಟಿ ಬರಬೇಕು, ಅಷ್ಟೇ.

ಲಾಂಚಿನಲ್ಲಿ ಬಂದ ಉಳಿದವರೆಲ್ಲ ದ್ವೀಪದ ಕೋಟೆ ಹತ್ತಿ ಸೆಲ್ಫಿ ತೆಗೆಯುತ್ತಿದ್ದರು. ಇವರಿಬ್ಬರು ಮಾತ್ರ ಗಲ್ಲಿ ಸುತ್ತುತ್ತಿದ್ದರು. ಕೊನೆಯ ಲಾಂಚ್ ನಾಲ್ಕಕ್ಕೆ. ಆಗಲೇ ಮೂರಾಗಿತ್ತು. ಅಜ್ಜನ ಮಂಡಿ ನೋಡಿದರೆ ಇನ್ನೊಂದು ಸಲ ಬರುವ ಮಾತೇ ಇಲ್ಲ.

"ಯಾರನ್ನಾದ್ರೂ ಕೇಳೋಣ, ಅಜ್ಜ."

"ನಮ್ಮೂರಲ್ಲಿ ನಾನು ದಾರಿ ಕೇಳೋದಾ? ಮಾನ ಹೋಗುತ್ತೆ!"

ಅಜ್ಜ ಮತ್ತೆ ಸಮುದ್ರದ ಕಡೆಗೇ ನಡೆದ. ನೀರಿನ ಅಂಚಿನಲ್ಲಿ ಮನೆಯೇ ಇರಲಿಲ್ಲ. ಬರೀ ಗೋದಾಮು, ಲಾರಿ, ಒಂದು ಸೋಡಾ ಅಂಗಡಿ. ಅಜ್ಜ ನಿಂತುಬಿಟ್ಟ.

"ಇಲ್ಲೇ ಇರ್ಬೇಕಿತ್ತು ಕಣೇ." ದನಿ ಸಣ್ಣಗಾಗಿತ್ತು.

ಚೂಟಿಯ ಸಿಟ್ಟು ಜರ್ರನೆ ಇಳಿಯಿತು. ಅಜ್ಜನನ್ನು ಬೆಂಚಿನ ಮೇಲೆ ಕೂರಿಸಿ ನೀರು ತರಲು ಓಡಿದಳು.

"ಆಂಟಿ, ಇಲ್ಲಿ ಮೊದಲು ಮನೆಗಳಿದ್ವಾ?"

ಸೋಡಾ ಅಂಗಡಿಯವಳು ನಕ್ಕಳು. "ಮನೆ ಎಲ್ಲಿಂದ ಬರ್ಬೇಕು? ನೀನು ನಿಂತಿರೋ ಜಾಗ ಸಮುದ್ರ ಆಗಿತ್ತು ಪುಟ್ಟಿ. ಆಮೇಲೆ ಮಣ್ಣು ತುಂಬಿಸಿದ್ರು. ಮೊದಲು ನೀರು ಆ ಟೈಲರ್ ಬೀದಿ ತನಕ ಇತ್ತಂತೆ."

ಟೈಲರ್ ಬೀದಿ! ಆ ಟೈಲರ್ ಅಂಗಡಿಯ ಗೋಡೆಗೆ ಚೈನ್ ಹಾಕಿ ಕಟ್ಟಿದ್ದ ಸೈಕಲ್ ಚೂಟಿಯ ಕಣ್ಣ ಮುಂದೆ ಬಂತು. ಆ ಚೈನ್ ಕಟ್ಟಿದ್ದು ಯಾವುದಕ್ಕೆ?

"ಅಜ್ಜಾ!" ಎಂದು ಕೂಗುತ್ತಾ ಓಡಿ ಬಂದಳು. ಅಜ್ಜ ತಲೆ ತಗ್ಗಿಸಿ ಚಪ್ಪಲಿ ನೋಡುತ್ತಾ ಕೂತಿದ್ದ. ಬಾಯಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು.

"ಏನೇ?"

"ಕಾಲು ನೋವು. ಆ ಟೈಲರ್ ಕಿಟಕಿಕಟ್ಟೆ ಮೇಲೆ ಐದು ನಿಮಿಷ ಕೂರೋಣ್ವಾ?"

"ಇಲ್ಲೇ ಬೆಂಚಿಲ್ವಾ? ನಿಂದೊಂದು ಗೋಳು," ಎಂದು ಗೊಣಗುತ್ತಾ ಅಜ್ಜ ಎದ್ದ.

"ಅಂತೂ ನಿಂತ್ರಿ! ಮೂರು ಸಲ ಹೋದ್ರಿ, ಪ್ಯಾಂಟ್ ಹೊಲಿಸ್ಬೇಕಿತ್ತಾ?" ಟೈಲರ್ ಒಳಗಿಂದ ಕೇಳಿದ.

ಚೂಟಿ ಸೈಕಲ್ ಪಕ್ಕದ ಕಿಟಕಿಕಟ್ಟೆ ಹತ್ತಿ ಕೂತಳು. ತಾನೂ ಕೂರಲು ಅಜ್ಜ ಗೋಡೆಗೆ ಕೈ ಊರಿದ. ಕೈಗೆ ತಣ್ಣಗೆ ಏನೋ ತಾಗಿತು. ತಟ್ಟೆಯಷ್ಟು ಅಗಲದ, ತುಕ್ಕು ಹಿಡಿದ ಬಳೆ.

ಅಜ್ಜ ಅದರ ಸುತ್ತ ಬೆರಳಾಡಿಸಿದ. ಒಂದು ಸುತ್ತು, ಇನ್ನೊಂದು ಸುತ್ತು.

"ಕಣ್ಣು ಕಟ್ಟಿ ಬಿಟ್ರೂ ಬರ್ತೀನಿ ಅಂದಿದ್ನೋ ಇಲ್ವೋ?"

"ಅಂದಿದ್ದೆ ಅಜ್ಜ."

ಇಬ್ಬರೂ ಕಾಲು ಇಳಿಬಿಟ್ಟು ಕೂತರು. ಕೆಳಗಿನ ರಸ್ತೆಯಲ್ಲಿ ಒಂದು ಸ್ಕೂಟರ್ ಭರ್ರನೆ ಬಂತು.

"ಕಾಲೆತ್ತು, ಅಲೆ ಬಂತು!" ಎಂದ ಅಜ್ಜ.

ಚೂಟಿ ಎರಡೂ ಕಾಲು ಎತ್ತಿದಳು.