ಮುಖ ತಿರುಗಿಸಿದ ಮೇಷ್ಟ್ರು

"ಮೈಕ್ ಆಫ್ ಮಾಡಿ!"

"ಟೀಚರ್, ಅವರಿನ್ನೂ ಮಾತಾಡ್ತಿದ್ದಾರೆ..." ಮೈಕಿನವನು ತಡವರಿಸಿದ.

"ಮಾಡಿ ಅಂದ್ರೆ ಮಾಡಿ!"

ಪಾಠಕ್ಕೆ ತಂತ್ರಜ್ಞಾನ ಬಳಸುವ ಶಿಕ್ಷಕರ ಸಮ್ಮೇಳನ ಅದು. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಕೆಂಪು ಕಾರ್ಡ್ ಎತ್ತಿದರೆ ಮಾತು ನಿಲ್ಲಿಸಬೇಕು. ಕಾರ್ಡ್ ಎತ್ತುವ ಕೆಲಸ ನಮ್ಮ ವಿಜ್ಞಾನದ ಟೀಚರದ್ದು. ಸಮಿತಿಯವರೆಲ್ಲ ಅವಳನ್ನು 'ಗಡಿಯಾರ' ಅಂತಲೇ ಕರೆಯುತ್ತಿದ್ದರು, ಅದೂ ಮುಖದ ಮೇಲೇ.

ಆದರೆ ವೇದಿಕೆ ಮೇಲಿದ್ದ ಗಣಿತದ ಮೇಷ್ಟ್ರು ಮೂರು ನಿಮಿಷದಿಂದ ಅವಳ ಕೆಂಪು ಕಾರ್ಡನ್ನೇ ನೇರ ನೋಡುತ್ತಾ, ನಗುನಗುತ್ತಾ ಮಾತಾಡುತ್ತಲೇ ಇದ್ದ!

'ಎಷ್ಟು ಕೊಬ್ಬು ಈ ಮನುಷ್ಯನಿಗೆ!'

ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು. ಯಾಕೆ ಗೊತ್ತಾ? ಮೊದಲ ಹದಿನೈದು ನಿಮಿಷ ಅವಳು ಹೊತ್ತು ನೋಡುವುದನ್ನೇ ಮರೆತಿದ್ದಳು. ಬೋರ್ಡ್ ಮೇಲೆ ಬರೆದದ್ದನ್ನು ಹಳೇ ಮೊಬೈಲು ಗಟ್ಟಿಯಾಗಿ ಓದಿ ಹೇಳುವ ಹಾಗೆ ಮಾಡಿದ್ದ ಆತ. "ಹಿಂದಿನ ಬೆಂಚಿನ ಮಗು ಕಾಣಲ್ಲ ಅಂತ ಹೇಳೋಕೆ ನಾಚಿಕೊಳ್ಳತ್ತೆ" ಅಂದಾಗ ಅವಳ ಕಣ್ಣು ತುಂಬಿತ್ತು. ಮದುವೆ ಮಾತೆತ್ತಿದರೆ ಅಮ್ಮನ ಮೇಲೆ ಹರಿಹಾಯುವ ಮೂವತ್ತನಾಲ್ಕರ ಹೆಣ್ಣು, 'ಇಂಥವನಾದ್ರೆ...' ಅಂತ ಒಳಗೊಳಗೇ ಅಂದುಕೊಂಡುಬಿಟ್ಟಿದ್ದಳು.

ಮೈಕ್ ಸತ್ತಿತು. ಸಭೆ ಗೊಳ್ಳೆಂದು ನಕ್ಕಿತು. ಅವನ ಮುಖ ಬಿಳಿಚಿಕೊಂಡಿತು.

ಟೀ ಹೊತ್ತಿನಲ್ಲಿ ಅವಳು ಕ್ಷಮೆ ಕೇಳಲೆಂದೇ ಅವನ ಎದುರು ಹೋಗಿ ನಿಂತಳು.

"ಸಾರ್... ಮೈಕ್ ನಿಲ್ಲಿಸಿದ್ದು ನಾನೇ."

ಅವನು ಸಟ್ಟನೆ ಮುಖ ಪಕ್ಕಕ್ಕೆ ತಿರುಗಿಸಿದ.

ಅವಳ ಮೈಯೆಲ್ಲ ಉರಿದುಹೋಯಿತು. ಒಂದು ಕ್ಷಣ ಕಾಯಬಾರದಿತ್ತಾ? ಕಾಯಲಿಲ್ಲ ಪುಣ್ಯಾತ್ಗಿತ್ತಿ! ಕಪ್ಪನ್ನು ಟಪ್ಪೆಂದು ಮೇಜಿನ ಮೇಲಿಟ್ಟು ಹೊರಟೇ ಹೋದಳು.

ಮುಂದಿನ ವರ್ಷದ ಸಮ್ಮೇಳನಕ್ಕೆ ಯಾರು ಮಾತಾಡಬೇಕೆಂದು ಆರಿಸುವ ಹೊಣೆ ಅವಳ ಮೇಲೇ ಬಿತ್ತು. ನೂರಾರು ಅರ್ಜಿಗಳ ನಡುವೆ ಅವನದೂ ಇತ್ತು. ಕೊನೆಯ ಸಾಲು ಹೀಗಿತ್ತು: 'ಈ ಅವಕಾಶ ಸಿಕ್ಕರೆ ನನ್ನ ಕೆಲಸ ಉಳಿಯುತ್ತದೆ. ದಯವಿಟ್ಟು ಪರಿಗಣಿಸಿ.'

'ನಾಟಕ!' ಅಂದುಕೊಂಡಳು.

"ಏನ್ ಮಾಡೋಣ ಗಡಿಯಾರ?" ಅಧ್ಯಕ್ಷರು ಕೇಳಿದರು.

"ಬೇಡ ಸಾರ್. ಸಮಯಕ್ಕೆ ಬೆಲೆ ಕೊಡದ ಮನುಷ್ಯ."

ಅಷ್ಟೇ. ಒಂದೇ ಮಾತು. ಆವತ್ತು ಸಂಜೆ ಮನೆಯಲ್ಲಿ ಯಾಕೋ ಅನ್ನ ಸೇರಲಿಲ್ಲ ಅವಳಿಗೆ.

ಸಮ್ಮೇಳನದ ದಿನ ಬೆಳಿಗ್ಗೆ ಅವಳು ನೋಂದಣಿ ಮೇಜಿನಲ್ಲಿ ಕೂತಿದ್ದಳು. ಸಾಲಿನಲ್ಲಿ ಅವನು! ಬರೀ ಕೇಳುಗನಾಗಿ ಬಂದಿದ್ದ. ಅವಳು ಬಿಗುಮಾನ ಬಿಡಲಿಲ್ಲ.

"ಇಲ್ಲಿ ಸೈನ್ ಮಾಡಿ."

ಅವನು ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಪೆನ್ನು ಇಳಿಸಿದ. ಸಹಿ ಬೇರೆ ಯಾರದೋ ಹೆಸರಿನ ಮೇಲೆ ಬಿತ್ತು.

"ಸ್ವಲ್ಪ ಕಾಗದ ನೋಡಿ ಮಾಡಿ ಸಾರ್! ಇಷ್ಟೊಂದು ತಾತ್ಸಾರ ಯಾಕೆ?"

"ನೇರ ನೋಡಿದ್ರೆ ನನಗೆ ಕಾಣಲ್ಲ ಟೀಚರ್," ಅಂದ ಮೆಲ್ಲಗೆ. "ನಡುವೆ ಬರೀ ಬೂದಿ ಬಣ್ಣ. ಪಕ್ಕಕ್ಕೆ ತಿರುಗಿದ್ರೆ ಅಂಚಲ್ಲಿ ಸ್ವಲ್ಪ ಕಾಣತ್ತೆ. ಮುಚ್ಚಿಟ್ಟಿದ್ದೆ... ಇನ್ನೇನು ಮುಚ್ಚಿಡೋದು, ಹೋದ ವಾರ ಶಾಲೆಯಿಂದ ತೆಗೆದರು."

 ಕೆಂಪು ಕಾರ್ಡ್... ಅವನ ನೇರಕ್ಕೇ ಹಿಡಿದಿದ್ದಳಲ್ಲ!

"ಹಾಗಾದ್ರೆ... ಆವತ್ತು ಟೀ ಹತ್ತಿರ ಮುಖ ತಿರುಗಿಸಿದ್ದು?"

"ನಿಮ್ಮನ್ನ ನೋಡೋಕೆ! ಅಂಥಾ ಧ್ವನಿಯವರು ಹೇಗಿರ್ತಾರೆ ಅಂತ ನೋಡಬೇಕು ಅನ್ನಿಸ್ತು. ಅಷ್ಟರಲ್ಲಿ ನೀವು ಹೋಗಿಬಿಟ್ರಿ."

'ಅಯ್ಯೋ... ಅಯ್ಯೋ... ಏನು ಮಾಡಿಬಿಟ್ಟೆ ನಾನು!'

"ನಿಮ್ಮ ಅರ್ಜಿ ಬೇಡ ಅಂದಿದ್ದು... ನಾನು." ಅಂದಳು.

ಅವನು ಪೆನ್ನನ್ನು ಮೇಜಿನ ಮೇಲಿಟ್ಟ. "ಶಾಲೇಲಿ ವಿಷಯ ಗೊತ್ತಾಗಿತ್ತು. ಸಮ್ಮೇಳನದವರು ಒಪ್ಪಿದ್ರೆ ಆಡಳಿತ ಮಂಡಳಿ ಹತ್ತಿರ ನನ್ನ ಪರ ಮಾತಾಡೋದಾಗಿ ಹೇಳಿದ್ರು ನಮ್ಮ ಹೆಡ್‌ಮಾಸ್ಟರು," ಅಂದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಕಾರ್ಯಕ್ರಮದ ಪಟ್ಟಿ ಎಳೆದುಕೊಂಡಳು. ಮಧ್ಯಾಹ್ನ ಅವಳದೇ ಒಂದು ಭಾಷಣವಿತ್ತು. ಅದನ್ನು ಹೊಡೆದುಹಾಕಿ ಅವನ ವಿಷಯ ಬರೆದಳು.

"ತಲೆ ಕೆಟ್ಟಿದ್ಯಾ ಗಡಿಯಾರ?" ಅಧ್ಯಕ್ಷರು ಹಾರಾಡಿದರು.

"ಹೋದ ವರ್ಷ ಕೆಟ್ಟಿತ್ತು ಸಾರ್."

ಅವನು ವೇದಿಕೆ ಹತ್ತಿದ. ಮೆಟ್ಟಿಲು ತನಕ ಅವಳೇ ಕೈ ಹಿಡಿದಿದ್ದಳು.

"ಹೋದ ವರ್ಷ ಇದನ್ನ ಹಿಂದಿನ ಬೆಂಚಿನ ಮಗುವಿಗೆ ಅಂತ ಮಾಡಿದ್ದು ಅಂದೆ. ಸುಳ್ಳು ಹೇಳಿದ್ದೆ. ನಾನು ಬರೆದದ್ದು ನನಗೇ ಕಾಣದೇ ಹೋದಾಗ, ನನಗೋಸ್ಕರ ಮಾಡಿಕೊಂಡಿದ್ದು."



ಮುಗಿದ ಮೇಲೆ ಏಳೆಂಟು ಶಾಲೆಯವರು ಮುತ್ತಿಕೊಂಡರು. ಎಲ್ಲರಿಗೂ ಅವನ ಆ್ಯಪ್ ಬೇಕಿತ್ತು. "ಪಾಠಕ್ಕೆ ನನ್ನನ್ನೂ ತಗೋತೀರಾ?" ಅಂತ ಅವನು ಕೇಳಿದ್ದೇ ತಡ, ಒಬ್ಬರು ವಾಚು ನೋಡಿಕೊಂಡರು, ಇನ್ನೊಬ್ಬರಿಗೆ ಬಸ್ಸಿನ ನೆನಪಾಯಿತು. ಆ್ಯಪ್ ಬೇಕು, ಮೇಷ್ಟ್ರು ಬೇಡ. ಥೂ!

ಸಂಜೆ ಸಭಾಂಗಣ ಖಾಲಿಯಾಯಿತು. ಕೆಲಸದವರು ಕುರ್ಚಿ ಒಂದರ ಮೇಲೊಂದು ಜೋಡಿಸುತ್ತಿದ್ದರು. ಉಳಿದ ಎರಡು ಕುರ್ಚಿಯಲ್ಲಿ ಇವರಿಬ್ಬರು.

"ನನ್ನಿಂದ ನಿಮ್ಮ ಕೆಲಸ ಹೋಯ್ತು," ಅಂದಳು ಬಿಕ್ಕುತ್ತಾ.

"ಹೇಗೂ ಹೋಗ್ತಿತ್ತು. ನಿಮ್ಮಿಂದ ಒಂದು ವರ್ಷ ಮುಂಚೇನೇ ಹೋಯ್ತು. ಅದೊಂದು ವರ್ಷ ನನಗೆ ಬೇಕಿತ್ತು ಟೀಚರ್. ಸುಳ್ಳು ಸಮಾಧಾನ ಹೇಳಲ್ಲ."

"ಹೇಳಬೇಡಿ... ಡಾಕ್ಟರ್ ಏನಂತಾರೆ?"

"ಇನ್ನೊಂದು ವರ್ಷ. ಆಮೇಲೆ ಅಂಚಲ್ಲೂ ಯಾರ ಮುಖಾನೂ ಗೊತ್ತಾಗಲ್ಲವಂತೆ."

ಅವಳು ಕಣ್ಣೊರೆಸಿಕೊಂಡಳು. ಜೀವಮಾನದಲ್ಲಿ ಮೊದಲ ಸಲ ಬಿಗುಮಾನ ಬಿಟ್ಟು ಬಾಯಿ ಬಿಟ್ಟಳು.

"ನನಗೆ ನೀವು ಬೇಕು. ಕೆಲಸ ಇರಲಿ, ಇಲ್ಲದಿರಲಿ."

"ಪಾಪ ಅನ್ನಿಸಿ ಹೇಳ್ತಿದ್ರೆ ಬೇಡ. ಕನಿಕರದ ಮೇಲೆ ಬದುಕೋಕಾಗಲ್ಲ ನನಗೆ."

"ಪಾಪ ಅನ್ನಿಸಿದ್ದು ಇವತ್ತು. ಇಷ್ಟ ಆಗಿದ್ದು ಹೋದ ವರ್ಷ! ಇಷ್ಟ ಆಗಿದ್ದಕ್ಕೇ ಅಷ್ಟು ಸಿಟ್ಟು ಬಂದಿದ್ದು!"

 ಅವನ ಕೈ ಅವಳ ಕೈಯನ್ನು ಹುಡುಕಿತು.

"ನಾನು ಮಹಾ ಸಿಡುಕ. ಬೇಕಾದ್ರೆ ನನ್ನ ಅಕ್ಕನ್ನ ಕೇಳಿ."

"ನಾನೂ ಅಷ್ಟೇ. ಬೇಕಾದ್ರೆ ನನ್ನ ಅಮ್ಮನ್ನ ಕೇಳಿ."

"ಹಾಗಾದ್ರೆ ದಿನಾ ಜಗಳ."

"ಈ ಒಂದು ವರ್ಷ ಬೇಡ. ಈ ವರ್ಷ ನನ್ನ ಮುಖ ಚೆನ್ನಾಗಿ ನೋಡ್ಕೊಂಡುಬಿಡಿ."

"ಆಮೇಲೆ?"

"ಆಮೇಲೆ ಜಗಳ ಆಡೋಣ... ಸಾಯೋ ತನಕ."