ಹನ್ನೊಂದರ ಮೇಲೆ ಕಾಲು

"ಹನ್ನೊಂದರ ಮೇಲೆ ಕಾಲಿಟ್ಟೇ ಬರ್ತೀನಿ, ಒಂದು ನಿಮಿಷ ಆಚೀಚೆ ಆಗಲ್ಲ" ಎಂದಿದ್ದ ಪಾಕ್-ಹೇ.

ಗಂಟೆ ಹನ್ನೊಂದನ್ನು ದಾಟಿ ಮೂರು ಅಕ್ಷರ ಮುಂದೆ ಹೋಗಿತ್ತು. ಹಾಂಗ್‌ಕಾಂಗಿನವರ ಬಾಯಲ್ಲಿ ಐದು ನಿಮಿಷಕ್ಕೆ ಒಂದು ಅಕ್ಷರ. ಟೀ ಹೌಸಿನ ಬಾಗಿಲಲ್ಲಿ ನಿಂತ ಲೋಕ್-ಯಿಗೆ ಒಂದೊಂದು ಅಕ್ಷರಕ್ಕೂ ಸಿಟ್ಟು ಏರುತ್ತಿತ್ತು. ಅಜ್ಜಿಗೆ ಹುಡುಗನನ್ನು ತೋರಿಸುವ ದಿನ ಇವತ್ತು! ಐದು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

"ಯಾವಾಗಲೂ ಹೀಗೇನಾ ಇವನು?" ಅಜ್ಜಿ ಕೇಳಿದರು.

"ಹಾಸಿಗೇಲಿ ಬಿದ್ಕೊಂಡೇ 'ಮೆಟ್ಟಿಲು ಇಳೀತಿದೀನಿ' ಅಂತಾನೆ, ಅಜ್ಜಿ!"

"ನಿಮ್ಮ ತಾತನೂ ಅಷ್ಟೇ. ಮಂಡಿ ನೋಯ್ತಿದೆ ಕಣೇ, ಒಳಗೆಲ್ಲಾದ್ರೂ ಕೂತಿರ್ತೀನಿ."

ಅಜ್ಜಿ ಕುಂಟುತ್ತ ಒಳಗೆ ಹೋದದ್ದನ್ನು ಕಂಡು ಲೋಕ್-ಯಿ ಫೋನ್ ಕೈಗೆತ್ತಿಕೊಂಡಳು. 'ನಿನಗೋಸ್ಕರ ಇನ್ನು ಕಾಯಲ್ಲ. ಮುಗೀತು' ಎಂದು ಮೆಸೇಜ್ ಕಳಿಸಿಯೇ ಬಿಟ್ಟಳು. ಇನ್ನೆರಡು ಅಕ್ಷರ ಕಳೆಯಿತು. ಅಜ್ಜಿಯನ್ನು ಮನೆಗೆ ಕರೆದೊಯ್ಯಲು ದಡದಡನೆ ಒಳಗೆ ನುಗ್ಗಿದಳು.

ಆ ಟೀ ಹೌಸಿನಲ್ಲಿ ಯಾರೂ ಜಾಗ ತೋರಿಸುವುದಿಲ್ಲ. ತಿನ್ನುತ್ತಿರುವವರ ಕುರ್ಚಿಯ ಹಿಂದೆಯೇ ನಿಂತು, ಅವರು ಏಳುವವರೆಗೂ ಕಾಯಬೇಕು. ಕಿಟಕಿಯ ಪಕ್ಕ ಅಜ್ಜಿ ಆರಾಮಾಗಿ ಕುಳಿತಿದ್ದರು. ಪಕ್ಕದ ಕುರ್ಚಿಯ ಮೇಲೆ ಒಂದು ಬ್ಯಾಗು, ಇನ್ನೊಂದರ ಮೇಲೆ ಮಡಿಸಿದ ಜಾಕೆಟ್. ಎರಡೂ ಕುರ್ಚಿಗಳನ್ನು ಹಿಡಿದುಕೊಂಡು, ಬೆವರುತ್ತ ನಿಂತಿದ್ದ ಪಾಕ್-ಹೇ.

"ನೀನು ಇಲ್ಲಿ! ಬಾಗಿಲಲ್ಲಿ ನಿಲ್ಲು ಅಂದಿರಲಿಲ್ವಾ? ಫೋನ್ ಎಲ್ಲಿ?"

"ಬ್ಯಾಗಲ್ಲಿದೆ. ಈ ಗಲಾಟೇಲಿ ಕೇಳಿಸ್ಲಿಲ್ಲ. ಹತ್ತಕ್ಕೇ ಬಂದೆ. ಈಗಷ್ಟೇ ಟೇಬಲ್ ಸಿಕ್ತು, ಬಿಟ್ಟು ಬಂದ್ರೆ ಹೋಗ್ಬಿಡುತ್ತೆ. ನಿಮ್ಮಜ್ಜಿಗೆ ಮಂಡಿನೋವು ಅಂದಿದ್ಯಲ್ಲ..."

"ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ!"

ಅಜ್ಜಿ ನಕ್ಕರು. "'ಯಾರಿಗೆ ಜಾಗ ಹಿಡಿದಿದೀಯಪ್ಪ' ಅಂದೆ. 'ನನ್ನ ಹುಡುಗಿಗೆ, ಅವಳ ಅಜ್ಜಿಗೆ, ಅವರು ಬರೋವರೆಗೂ ನೀವು ಕೂತ್ಕೊಳ್ಳಿ' ಅಂದ. ನಾನು ಯಾರು ಅಂತ ಹೇಳ್ಲಿಲ್ಲ, ಎಂಥ ಹುಡುಗನೋ ನೋಡೋಣ ಅಂತ."

ಪಾಕ್-ಹೇ ಕಣ್ಣರಳಿಸಿ ಅಜ್ಜಿಯನ್ನು ನೋಡಿದ. ಆಮೇಲೆ ಬ್ಯಾಗಿನಿಂದ ಫೋನ್ ತೆಗೆದ. ಲೋಕ್-ಯಿ ಕಸಿದುಕೊಳ್ಳುವಷ್ಟರಲ್ಲಿ ಓದಿಬಿಟ್ಟಿದ್ದ.

"ಮುಗೀತಾ?" ಮೆಲ್ಲಗೆ ಕೇಳಿದ.

ಅವಳು ಜಾಕೆಟ್ಟನ್ನು ಅವನ ಎದೆಗೆ ಎಸೆದು, ಕುರ್ಚಿ ಎಳೆದು ಕುಳಿತಳು. ಅಜ್ಜಿಯ ಬಟ್ಟಲಿಗೆ ಚಹಾ ಸುರಿದಳು. ಮುಖ ಗಂಟಿಕ್ಕಿಕೊಂಡೇ ಅವನ ಬಟ್ಟಲಿಗೂ ಸುರಿದಳು, ತುಳುಕುವಷ್ಟು.

ಅವನು ಕುಳಿತು, ಎರಡು ಬೆರಳಿನಿಂದ ಟೇಬಲ್ ಮೇಲೆ ಮೆಲ್ಲಗೆ ತಟ್ಟಿದ. ಚಹಾ ಬಡಿಸಿದವರಿಗೆ ಸಲ್ಲುವ ಮಾತಿಲ್ಲದ ಥ್ಯಾಂಕ್ಸ್.

"ಮುಂದಿನ ಭಾನುವಾರ ಹನ್ನೊಂದಕ್ಕೆ," ಎಂದಳು ಕಿಟಕಿಯತ್ತ ನೋಡುತ್ತ. "ಬಾಗಿಲಲ್ಲಿ. ನಾನು ಬರೋದು ತಡ ಆದ್ರೂ ಕಾಯ್ತಿರ್ಬೇಕು."