ಎರಡನೇ ಓದುಗ

"ನೀವಿಬ್ಬರೂ ಮಾತಾಡಿಕೊಂಡ ಬರದೀರಿ," ಎಂದರು ಮಾರ್ಗದರ್ಶಿ ಮಹೇಶ್ವರಿ ಮೇಡಂ.

ಭುವನಾಳ ಮುಖ ಕೆಂಪಾಯಿತು. "ಇಲ್ಲ ಮೇಡಂ. ಕೆಲಸದ ಬಗ್ಗೆ ಒಂದ ಮಾತೂ ಆಡಿಲ್ಲ."

"ಹೋದ ಸಲ ಅರ್ಧಕ್ಕರ್ಧ ತಾಳ ತಪ್ಪಿತ್ತು. ಈ ಸಲ ನೂರಕ್ಕ ತೊಂಬತ್ತಾರು ಒಂದ ನಮೂನಿ! ಗಂಡ ಹೆಂಡ್ತಿನೂ ಇಷ್ಟು ಒಪ್ಪಂಗಿಲ್ಲ ಬಿಡು."

ಆ ಕೊನೆಯ ಮಾತಿಗೆ ಭುವನಾ ತಲೆ ತಗ್ಗಿಸಿ, ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದಳು. ಶಂಭುಲಿಂಗ ಕಿಟಕಿಯಾಚೆ ನೋಡುತ್ತಿದ್ದ. ಅವನೂ ಒಂದು ಮಾತು ಹೇಳಬಹುದಿತ್ತು.

"ಆಣೆ ಮಾಡಿ ಹೇಳ್ತೇನಿ ಮೇಡಂ. ನಾವು ನಿಯಮ ಮುರದಿಲ್ಲ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆತು, ನಿನ್ನ ಮಾತಿನ ಮ್ಯಾಲ ಬಿಡ್ತೇನಿ. ನಿನ್ನ ಪಿಎಚ್‌ಡಿ ಇದರ ಮ್ಯಾಲ ನಿಂತೈತಿ. ನಾಳೆ ಯಾರರ ಕೇಳಿದ್ರ ಉತ್ತರ ನೀನ ಕೊಡಬೇಕು."

ಭುವನಾ ರಾಣೇಬೆನ್ನೂರಿನ ಬೀಜದಂಗಡಿ ವಿರೂಪಾಕ್ಷಪ್ಪನವರ ಮಗಳು. ಓದಿದ್ದು ಗ್ರಂಥಾಲಯ ವಿಜ್ಞಾನ. ಮೆಣಸಿನಕಾಯಿಯ ಮೇಲೆ ಇಷ್ಟು ವರ್ಷ ನಡೆದ ಸಂಶೋಧನೆಯನ್ನೆಲ್ಲ ಅಳೆಯುವುದು ಅವಳ ಕೆಲಸ. ಯಾರು ಬರೆದರು, ಯಾರ ಜೊತೆ ಸೇರಿ ಬರೆದರು, ಆಮೇಲೆ ಅದನ್ನು ಯಾರು ಉಲ್ಲೇಖಿಸಿದರು ಎಂಬುದೆಲ್ಲ ಅದರಲ್ಲಿ ಸೇರಿತ್ತು. ಒಂದು ಪೇಪರಿಗೆ ನೂರು ಉಲ್ಲೇಖ ಸಿಕ್ಕರೆ ಅದು ದೊಡ್ಡದು ಎಂದು ಎಲ್ಲರೂ ಎಣಿಸುತ್ತಾರೆ. ಆ ನೂರರಲ್ಲಿ ಎಷ್ಟು ಜನ ಅದನ್ನು ನಿಜವಾಗಿ ಓದಿ ಆಸರೆ ಪಡೆದರು, ಎಷ್ಟು ಜನ ತಕರಾರು ತೆಗೆದರು, ಎಷ್ಟು ಜನ ಸುಮ್ಮನೆ ಹೆಸರು ಹಾಕಿ ಮುಂದೆ ಹೋದರು? ಭುವನಾ ಹುಡುಕುತ್ತಿದ್ದದ್ದು ಅದನ್ನು. ಅದಕ್ಕಾಗಿ ಉಲ್ಲೇಖವಿರುವ ಒಂದೊಂದೇ ವಾಕ್ಯ ಓದಿ, ಅದು ಆಸರೆಯೋ, ತಕರಾರೋ, ಬರೀ ಹೆಸರೋ ಎಂದು ಗುರುತು ಹಾಕಬೇಕಿತ್ತು.

ಒಬ್ಬರ ಕಣ್ಣನ್ನೇ ನಂಬುವಂತಿಲ್ಲ. ಹಾಗಾಗಿ ಅದೇ ವಾಕ್ಯಗಳನ್ನು ಬೇರೆಯಾಗಿ ಓದಲು ಎರಡನೇ ಓದುಗ ಬೇಕು. ಮುಗಿಯುವವರೆಗೆ ಇಬ್ಬರೂ ಆ ಬಗ್ಗೆ ಚಕಾರ ಎತ್ತಬಾರದು. ಕೊನೆಗೆ ಎಷ್ಟು ತಾಳೆಯಾಯಿತು ಎನ್ನುವುದರ ಮೇಲೆ ಅಧ್ಯಯನದ ಮರ್ಯಾದೆ.

ಹಾಗೆ ಬಂದವನು ಬ್ಯಾಡಗಿಯ ಶಂಭುಲಿಂಗ. ಸಂಖ್ಯಾಶಾಸ್ತ್ರ ಓದಿದ ಅತಿಥಿ ಉಪನ್ಯಾಸಕ. ಸಣ್ಣ ದನಿ, ದೊಡ್ಡ ಕಣ್ಣು.

ರಾಣೇಬೆನ್ನೂರಿನ ಕಾಲೇಜೊಂದರ ಗ್ರಂಥಾಲಯದ ಹಿಂದೆ ಅವರಿಗೆ ಒಂದು ಕೋಣೆ ಸಿಕ್ಕಿತ್ತು. ಒಂದೇ ಮೇಜು, ಎದುರುಬದುರು ಎರಡು ಲ್ಯಾಪ್‌ಟಾಪು. ಕೆಲಸದ ಮಾತು ನಿಷಿದ್ಧವಾದ್ದರಿಂದ ಉಳಿದದ್ದೆಲ್ಲ ಮಾತಾಯಿತು. ರೈಲು ತಡವಾದದ್ದು, ಅವನ ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಅವಳ ಅಪ್ಪನ ಸಿಟ್ಟು.

ಕಷ್ಟದ ವಾಕ್ಯ ಬಂದಾಗ ಭುವನಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ಆಗ ಎದುರಿನ ಪರದೆಯ ಮೇಲಂಚಿನಲ್ಲಿ ಎರಡು ಕಣ್ಣು ಉದಯಿಸುತ್ತಿದ್ದವು.

"ಹಂಗ ನೋಡಬ್ಯಾಡ್ರಿ. ಮುಖ ನೋಡಿ ಉತ್ತರ ತಿಳ್ಕೊಂಡೀರಿ."

"ನಿಮ್ಮ ಮುಖದಾಗ ಉತ್ತರ ಎಲ್ಲಿರ್ತಾವ್ರಿ? ಬರೇ ಪ್ರಶ್ನೆ."

ಮೊದಲ ಸುತ್ತು ತಾಳೆಯಾಗದೆ ಹೋದಾಗ ಮೇಡಂ ಖಾರವಾಗಿ ಹೇಳಿದ್ದರು, "ಇನ್ನೊಮ್ಮೆ ಹಿಂಗಾದ್ರ ಬ್ಯಾರೆ ಓದುಗರನ್ನ ಕರೆಸ್ತೇನಿ." ಅಂದು ಶಂಭುಲಿಂಗ ಚಹಾ ಮುಟ್ಟಿರಲಿಲ್ಲ. ಈಗ ಎರಡನೇ ಸುತ್ತಿನ ಫಲಿತಾಂಶ ಬಂದಿತ್ತು.

ಹಾವೇರಿಯಲ್ಲಿದ್ದ ಮೇಡಂ ಕಚೇರಿಯಿಂದ ಬಸ್‌ಸ್ಟ್ಯಾಂಡಿಗೆ ನಡೆಯುವಾಗ, ಬೈಸಿಕೊಂಡ ನೋವಿಗಿಂತ ಒಂದು ಖುಷಿಯೇ ಭುವನಾಳೊಳಗೆ ದೊಡ್ಡದಾಗುತ್ತಿತ್ತು. ಅಷ್ಟೊಂದು ವಾಕ್ಯಗಳು, ಒಂದು ಮಾತೂ ಆಡದೆ ಇಬ್ಬರಿಗೂ ಹೊಳೆದದ್ದು ಒಂದೇ. ಮನಸ್ಸುಗಳು ಇಷ್ಟು ಹತ್ತಿರ ಇರುತ್ತವೆಯೇ?

"ಖರೇ ಹೇಳ್ರಿ, ನಿಮಗ ಆಶ್ಚರ್ಯ ಆಗಲಿಲ್ಲೇನು?" ಎಂದಳು.

ಬಸ್‌ಸ್ಟ್ಯಾಂಡಿನೊಳಗೆ ಕಾಲಿಡುತ್ತಲೇ ಅವನು ನಿಂತುಬಿಟ್ಟ. ಜನ ಅವರನ್ನು ಬಳಸಿ ಹೋಗುತ್ತಿದ್ದರು.

"ಭುವನಾ, ನಾ ನಿಮ್ಮದು ನೋಡೇನಿ."

"ಏನು?"

"ನೀವು ಚಹಾಕ್ಕ ಹೋದಾಗ ನಿಮ್ಮ ಲ್ಯಾಪ್‌ಟಾಪ್ ತೆರದ ಇರ್ತಿತ್ತು. ನೋಡಿ ನಂದು ತಿದ್ದೇನಿ. ಎಲ್ಲಾ ಅಲ್ಲ. ಆದ್ರ ಭಾಳ."

"ಯಾಕ?"

"ಬ್ಯಾರೆಯವರನ್ನ ತರ್ತೇನಂದ್ರಲ್ಲ ಮೇಡಂ. ನಿಮ್ಮ ಎದರಿಗೆ ಇನ್ನೊಬ್ಬ ಬಂದು ಕುಂದ್ರೋದು... ನನ್ನ ಕೈಲೆ ಆಗ್ತಿರಲಿಲ್ರಿ."

ಈ ಮಾತಿಗಾಗಿ ಭುವನಾ ಎಷ್ಟು ಮಧ್ಯಾಹ್ನ ಕಾದಿದ್ದಳೋ. ಅದು ಬಂದ ಗಳಿಗೆ ನೋಡಿ!

"ನಾ ಅಲ್ಲಿ ಆಣೆ ಮಾಡಿ ಬಂದೇನಿ. ನೀವು ಬಾಜೂಕ ಕುಂತು ಕೇಳಿದ್ರಿ."

"ಹೌದು."

"ನಿಮ್ಮ ಮನಸ್ಸು ನನ್ನ ಹಂಗ ಐತಿ ಅಂತ ಹಿಗ್ಗಿದ್ದೆ. ನಂದ ದನಿ ನನಗ ಕೇಳಿಸೀರಿ. ಹೂಂಗುಟ್ಟಾಕ ಮನುಷ್ಯ ಬೇಕಾಗಿಲ್ರಿ ನನಗ."

ರಾಣೇಬೆನ್ನೂರಿನ ಬಸ್ಸು ಬಂತು. ಹತ್ತಿದಳು. ತಿರುಗಿ ನೋಡಬಾರದೆಂದು ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಕೂತಳು.

ಸಂಜೆ ಮೇಡಂ ಫೋನ್ ಮಾಡಿದರು. ಶಂಭುಲಿಂಗ ಬಸ್‌ಸ್ಟ್ಯಾಂಡಿನಿಂದ ನೇರ ಅವರ ಕಚೇರಿಗೇ ಹೋಗಿ ಎಲ್ಲ ಹೇಳಿದ್ದ.

"ನಿನಗ ಏನೂ ಗೊತ್ತಿರಲಿಲ್ಲಂತ ನಾಕ್ ಸಲ ಹೇಳಿದ. ನಾ ಬೈದೆ, ತಗದು ಹಾಕ್ತೇನಿ ಅಂದೆ. ಹೂಂ ಅಂದ. ಬಾಗಲ ತನಕ ಹೋಗಿ ತಿರುಗಿ ಬಂದ. ಮತ್ತ ಮೊದಲಿಂದ ಓದ್ತೇನಿ, ನನ್ನ ಹೆಸರು ಎಲ್ಲೂ ಹಾಕಬ್ಯಾಡ್ರಿ ಅಂತಾನ. ಕೆಲಸ ನಿಂದು. ಏನ್ ಮಾಡೂಣು?"

ಭುವನಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಹೊಸ ವಾಕ್ಯ ತಗೊಳ್ಳೂಣ್ರಿ, ಇಬ್ಬರೂ ನೋಡಲಾರದ್ದು. ಅವರು ಹಾವೇರ್ಯಾಗ ನಿಮ್ಮ ಕಣ್ಣಮುಂದ ಓದಲಿ. ನಾ ಇಲ್ಲೆ."

"ಮತ್ತ ಫೋನು, ಮೆಸೇಜು?"

"ಏನೂ ಬ್ಯಾಡ್ರಿ."

ಹೇಳುವುದು ಸುಲಭವಾಗಿತ್ತು. ಮರುದಿನ ಕೋಣೆಗೆ ಬಂದರೆ ಎದುರಿನ ಕುರ್ಚಿ ಖಾಲಿ. ಕಣ್ಣಿಗೆ ಚುಚ್ಚುತ್ತದೆಂದು ಅದನ್ನು ಎಳೆದು ಮೂಲೆಗಿಟ್ಟಳು. ಮಧ್ಯಾಹ್ನ ಮತ್ತೆ ತಂದು ಇದ್ದಲ್ಲೇ ಇಟ್ಟಳು. ಹೊರಗೆ ಯಾರದೋ ಚಪ್ಪಲಿ ಸದ್ದಾದರೆ ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು.

ಸಿಟ್ಟಿತ್ತು. ಅವನು ಊಟ ಮಾಡಿದನೋ ಇಲ್ಲವೋ ಎಂಬ ಚಿಂತೆಯೂ ಇತ್ತು. ಎರಡೂ ಒಟ್ಟಿಗೆ ಹೇಗಿರಲು ಸಾಧ್ಯ ಎಂದು ಮತ್ತಷ್ಟು ಸಿಟ್ಟು ಬರುತ್ತಿತ್ತು.

ಒಂದು ವಾಕ್ಯವಂತೂ ಯಾವ ಗುಂಪಿಗೂ ಸೇರಲಿಲ್ಲ. ಓದಿದರೆ ಹೊಗಳಿಕೆ, ಇನ್ನೊಮ್ಮೆ ಓದಿದರೆ ತಕರಾರು. ಅವನು ಇದಕ್ಕೆ ಏನನ್ನುತ್ತಾನೋ ಎಂದು ಫೋನ್ ಕೈಗೆತ್ತಿಕೊಂಡಳು. 'ಹೆಂಗದೀರಿ' ಎಂದು ಬರೆದು ಅಳಿಸಿದಳು.

ಮನೆಯಲ್ಲಿ ಅವ್ವ ದೇವವ್ವ ತಾಟಿನ ಮುಂದೆ ಕೂತು ನೋಡಿದಳು. "ಯಾಕವ್ವಾ, ಅನ್ನದಾಗ ಬೆರಳ ಆಡಸಾಕತ್ತೀದಿ? ಮೈಯಾಗ ಆರಾಮ ಇಲ್ಲೇನು?"

"ಕೆಲಸ ಭಾಳ ಐತಿ ಅವ್ವಾ."

"ಕೆಲಸ ಮೊದಲೂ ಇತ್ತು. ಆವಾಗ ನಕ್ಕೋತ ಬರ್ತಿದ್ದಿ."

ಭುವನಾ ಎದ್ದು ಕೈ ತೊಳೆದುಕೊಂಡಳು.

ಹೊಸ ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಇಬ್ಬರದೂ ಮುಗಿಯಿತು. ಮೇಡಂ ಹಾವೇರಿಗೆ ಕರೆಸಿದರು. ಶಂಭುಲಿಂಗ ಆಗಲೇ ಬಂದು ಕೂತಿದ್ದ. ಸ್ವಲ್ಪ ಸೊರಗಿದ್ದ. ಎದ್ದು ನಿಂತ, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ.

"ನೂರಕ್ಕ ಎಂಬತ್ತೊಂದು," ಎಂದರು ಮೇಡಂ. "ಇದು ಮನುಷ್ಯರ ಅಂಕಿ. ಉಳಿದದ್ದರ ಮ್ಯಾಲ ಈಗ ಮಾತಾಡಬಹುದು. ಎದರಾಬದರ ಕುಂತು ಬಗೆಹರಿಸ್ರಿ, ಬೇಕಾದ್ರ ಜಗಳಾ ಆಡ್ರಿ. ನನಗ ಮೀಟಿಂಗ್ ಐತಿ." ಪರ್ಸು ತೆಗೆದುಕೊಂಡು ಹೊರಟೇಬಿಟ್ಟರು.

ಮೊದಲನೆಯದನ್ನು ಭುವನಾ ಆಸರೆ ಎಂದಿದ್ದಳು, ಅವನು ಬರೀ ಹೆಸರು ಎಂದಿದ್ದ.

"ನಾಕು ಹೆಸರು ಒಂದ ಕಡೆ ತುರಕ್ಯಾರ್ರಿ," ಎಂದ ಶಂಭುಲಿಂಗ. "ಓದಿಲ್ಲ ಇವರು."

"ಓದಿಲ್ಲಂತ ನಿಮಗ ಹೆಂಗ ಗೊತ್ತು?"

"ಓದಿದ್ರ, ಎರಡನೇ ಪೇಪರ್ ಪೂರಾ ಉಲ್ಟಾ ಹೇಳೈತಿ ಅನ್ನೋದು ಕಾಣ್ತಿತ್ತು."

ಅವಳು ಆ ಪೇಪರನ್ನು ತೆರೆದು ನೋಡಿದಳು. ಅವನು ಹೇಳಿದ್ದು ಸರಿಯಿತ್ತು. ತುಟಿ ಕಚ್ಚಿ ತನ್ನದನ್ನು ತಿದ್ದಿದಳು.

ಮುಂದಿನದರಲ್ಲಿ ಅವಳು ಸರಿ, ಅವನು ಜಗ್ಗಲಿಲ್ಲ. ಅವಳ ದನಿ ಏರಿತು, ಅವನದೂ ಏರಿತು. ಇಷ್ಟು ದಿನ ಎಲ್ಲಿತ್ತು ಈ ದನಿ? ಕಚೇರಿಯ ಸಹಾಯಕ ಅನೀಸ ಬಾಗಿಲಲ್ಲಿ ಇಣುಕಿದ.

"ಚಹಾ ತರ್ಲ್ಯಾ, ತಣ್ಣನ ನೀರ ತರ್ಲ್ಯಾ?"

ಇಬ್ಬರೂ ಒಮ್ಮೆಲೇ ನಕ್ಕರು. ನಗುವಾಗ ಕಣ್ಣು ಕೂಡಿದವು. ಅವನೇ ಮೊದಲು ದೃಷ್ಟಿ ತಗ್ಗಿಸಿದ.

"ಆತ್ರಿ, ಇದು ನಿಮ್ಮದ."

"ಒಪ್ಪಿದ್ರೇನು?"

"ಸೋತೇನಿ. ಒಪ್ಪಿಲ್ಲ."

ಎಷ್ಟು ಹಿತವಾಗಿತ್ತು ಆ ಮಾತು! ಯಾರಿಗೂ ಕಾಣದಂತೆ ಭುವನಾ ಅದನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಕೇಳಿಸಿಕೊಂಡಳು.

ಎಲ್ಲ ಮುಗಿದ ಮೇಲೆ ಅವನು ಹೇಳಿದ, "ನನ್ನ ಹೆಸರು ಬ್ಯಾಡ ಅಂದಿದ್ದೆ. ಹಂಗ ಇರಲಿ."

"ಓದಿದವರ ಹೆಸರು ಇರಬೇಕ್ರಿ," ಎಂದಳು ಭುವನಾ. "ಆದ್ರ ಹಿಂದಿನ ಸುತ್ತು ಯಾಕ ಬಿಟ್ಟಿವಿ ಅನ್ನೋದೂ ಇರಬೇಕು. ಎರಡನೇ ಓದುಗ ಮೊದಲನೇ ಓದುಗರ ಗುರುತು ನೋಡಿದ್ದ, ಅದಕ್ಕ ಬಿಟ್ಟಿವಿ ಅಂತ."

ಅವನ ಮುಖದಿಂದ ನಗು ಇಳಿಯಿತು. "ಎಲ್ಲಾರೂ ಓದ್ತಾರ. ನಾಳೆ ಕಾಯಂ ಕೆಲಸಕ್ಕ ಅರ್ಜಿ ಹಾಕಿದ್ರ ಅಲ್ಲೂ ಕೇಳ್ತಾರ."

"ಹೌದು. ಕೇಳ್ತಾರ."

ಅವನು ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಆ ವಾಕ್ಯವನ್ನು ತಾನೇ ಟೈಪ್ ಮಾಡಿದ, ಒಂದು ಪದವನ್ನೂ ಮೆತ್ತಗೆ ಮಾಡದೆ. ಬರೆದದ್ದನ್ನು ಭುವನಾ ಕೊನೆಯವರೆಗೂ ಓದಿದಳು. ಅವಳೊಳಗೆ ಗಂಟುಬಿದ್ದಿದ್ದ ಸಿಟ್ಟು ಆಗ ಸಡಿಲವಾಯಿತು.

ಇಬ್ಬರೂ ಒಂದೇ ರೈಲು ಹತ್ತಿದರು. ಅವನು ಬ್ಯಾಡಗಿಯಲ್ಲಿ ಇಳಿಯಬೇಕು, ಅವಳು ಮುಂದೆ ಹೋಗಬೇಕು. ಕಿಟಕಿ ಪಕ್ಕ ಎದುರುಬದುರು ಕೂತರು. ಅವನು ಚೀಲದ ಜಿಪ್ ಎಳೆದ, ಮುಚ್ಚಿದ, ಮತ್ತೆ ಎಳೆದ.

"ಅವತ್ತು ಹೇಳಬಾರದ ಹೊತ್ತಿನ್ಯಾಗ ಒಂದು ಮಾತು ಹೇಳಿದೆ," ಎಂದ ಕೊನೆಗೆ. "ಅದನ್ನ ಸರಿಯಾಗಿ ಹೇಳಬೇಕು ಅನ್ಸಾಕತ್ತೈತಿ. ನೀವು ಹೂಂ ಅನಬೇಕಂತ ಏನಿಲ್ಲ."

"ಹೇಳ್ರಿ."

"ನೀವಂದ್ರ ನನಗ ಜೀವ."

ಭುವನಾ ಬಾಯಿ ತೆರೆದಳು. ಬಂದದ್ದು ಸೀನು. ಒಂದರ ಹಿಂದೆ ಒಂದು. ಬ್ಯಾಡಗಿ ಹತ್ತಿರವಾಗಿತ್ತು, ಕಿಟಕಿಯಿಂದ ಮೆಣಸಿನಕಾಯಿ ಘಾಟು ಒಳಗೆ ನುಗ್ಗಿತ್ತು. ಅವಳ ಕಣ್ಣಲ್ಲಿ ನೀರು ಇಳಿಯತೊಡಗಿತು.

"ಅಳಾಕತ್ತೀರೇನು?"

"ಘಾಟ್ರಿ."

"ಖರೇ?"

"ಅರ್ಧ ಖರೇ."

"ಇನ್ನರ್ಧ?"

ರೈಲು ನಿಂತಿತು. ಅವನು ಮನಸ್ಸಿಲ್ಲದೆ ಇಳಿದು, ಕಿಟಕಿಯ ಸರಳು ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ನಿಂತ. ಸೀಟಿ ಕೂಗಿತು. ಅವನ ಕೈ ಸರಳಿನಿಂದ ಜಾರಿತು.

ಭುವನಾ ತಟ್ಟನೆ ಎದ್ದಳು. ಚೀಲ ಬಾಚಿಕೊಂಡು, ಬಾಗಿಲಲ್ಲಿದ್ದವರನ್ನು ಸರಿಸಿ ಕೆಳಗಿಳಿದಳು. ಅವಳ ಹಿಂದೆಯೇ ರೈಲು ಜರುಗಿತು.

"ರಾಣೇಬೆನ್ನೂರು ಇನ್ನೂ ಮುಂದೈತ್ರಿ!" ಅವನು ಗಾಬರಿಯಾಗಿದ್ದ.

"ಹುಟ್ಟಿದೂರು ಎಲ್ಲೈತಿ ಅಂತ ನನಗ ಗೊತ್ತಿಲ್ಲೇನು? ಇನ್ನ ಮ್ಯಾಲ ನನಗ 'ರಿ' ಹಚ್ಚಬ್ಯಾಡ ನೀ."

'ನೀ' ಎಂಬ ಆ ಒಂದಕ್ಷರ ಅವನ ಮುಖದ ಮೇಲೆ ಮೆಲ್ಲಗೆ ಬೆಳಕು ಹಚ್ಚುವುದನ್ನು ಅವಳು ನೋಡುತ್ತ ನಿಂತಳು. ನೋಡುತ್ತಲೇ ಫೋನ್ ಕಿವಿಗಿಟ್ಟಳು.

"ಅಪ್ಪಾ, ಬ್ಯಾಡಗ್ಯಾಗ ಇಳದೇನಿ. ಬಸ್ಸಿಗೆ ಬರ್ತೇನಿ. ಒಬ್ಬಾಂವನ್ನ ಜೋಡಿ ಕರಕೊಂಡು ಬರಾಕತ್ತೇನಿ... ಬಂದ ಮ್ಯಾಲ ನೀನ ನೋಡು, ನೀನ ಮಾತಾಡಸು. ಅವ್ವಗ ಎರಡು ರೊಟ್ಟಿ ಹೆಚ್ಚಿಗಿ ಬಡಿ ಅಂತ ಹೇಳು."

"ಇವತ್ತ?" ಎಂದ ಶಂಭುಲಿಂಗ, ಅಂಗಿಯ ಸುಕ್ಕು ಜಗ್ಗಿಕೊಳ್ಳುತ್ತ. "ನಿಮ್ಮ ಅಪ್ಪ ಸಿಟ್ಟಿನ ಮನುಷ್ಯ ಅಂದಿದ್ದಿ."

"ಹೌದು, ಭಾಳ ಸಿಟ್ಟು. ಬರ್ತೀಯೋ ಇಲ್ಲೋ?"

ಅವನು ಅವಳ ಹೆಗಲಿನಿಂದ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ಆಮೇಲೆ ಎಷ್ಟು ಲಗುಬಗೆಯಿಂದ ಬಸ್‌ಸ್ಟ್ಯಾಂಡಿನ ದಾರಿ ಹಿಡಿದನೆಂದರೆ, ಭುವನಾ ಸೀನುತ್ತ, ನಗುತ್ತ, ಅವನ ಹಿಂದೆ ಓಡಬೇಕಾಯಿತು.